ಲಿಲಿಯೆಂಥಾಲ್ ಬಿದ್ದದ್ದು ಹೇಗೆ?

ಎಂಟನೆಯ ತರಗತಿಗೆ ವಿಮಾನದ ಕಥೆ ಹೇಳುವಾಗ ನಾನು ರೈಟ್ ಸಹೋದರರನ್ನು ಬಿಟ್ಟು ಜರ್ಮನಿಯ ಓಟೊ ಲಿಲಿಯೆಂಥಾಲ್‌ನಿಂದ ಶುರುಮಾಡಿದೆ. 1848ರಲ್ಲಿ ಆಂಕ್ಲಾಮ್ ಎಂಬ ಊರಿನಲ್ಲಿ ಹುಟ್ಟಿದ ಆತ ಚಿಕ್ಕಂದಿನಿಂದಲೇ ತಮ್ಮ ಗುಸ್ತಾವ್ ಜೊತೆ ಕೊಕ್ಕರೆಗಳ ಹಾರಾಟ ನೋಡುತ್ತಿದ್ದ. ಎಂಜಿನಿಯರಾದ, 1889ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕ ಬರೆದ. ಆಮೇಲೆ ವಿಲ್ಲೋ ಮರದ ಕಡ್ಡಿಗಳಿಗೆ ಬಟ್ಟೆ ಬಿಗಿದು ತಾನೇ ಗ್ಲೈಡರ್ ಕಟ್ಟಿದ. ಹಾರಲು ಗುಡ್ಡ ಬೇಕಲ್ಲ? ಬರ್ಲಿನ್ ಬಳಿ ಮಣ್ಣು ಪೇರಿಸಿ 15 ಮೀಟರ್ ಎತ್ತರದ ಗುಡ್ಡವನ್ನೇ ಮಾಡಿಸಿದ. (ಇಲ್ಲಿ ಮಕ್ಕಳು ನಕ್ಕರು.) ಸುಮಾರು 2000 ಸಲ ಹಾರಿದ.

ಗ್ಲೈಡರನ್ನು ಹಿಡಿತದಲ್ಲಿಡಲು ಆತನಿಗಿದ್ದದ್ದು ಮುಖ್ಯವಾಗಿ ತನ್ನ ಮೈಭಾರ. ತೋಳೂರಿ ನೇತಾಡುತ್ತ ಕಾಲು ಬೀಸಬೇಕು. ಬಾಯಲ್ಲಿ ಹೇಳಿದರೆ ಇದು ತಿಳಿಯಲಿಲ್ಲ. ಕಾಗದದ ವಿಮಾನದ ಮೂತಿಗೆ ಜೆಮ್ ಕ್ಲಿಪ್ ಸಿಕ್ಕಿಸಿ ಹಾರಿಸಿದೆ. ಕ್ಲಿಪ್ಪನ್ನು ಹಿಂದಕ್ಕೆ ಸರಿಸಿದಾಗ ವಿಮಾನ ಮೂತಿಯೆತ್ತಿ, ಕ್ಷಣ ನಿಂತು, ಕೆಳಗೆ ಬಿತ್ತು. ಕಾರಣ ಬೇರೆಯಾದರೂ 1896ರ ಆಗಸ್ಟ್ 9ರಂದು ಷ್ಟ್ಯೋಲ್ನ್ ಹಳ್ಳಿಯ ಗುಡ್ಡದಲ್ಲಿ ಬಿದ್ದ ರೀತಿ ಇದೇ. ಮೂತಿ ಮೇಲೆದ್ದಿತು, ಭಾರ ಮುಂದಕ್ಕೆ ಹಾಕಿದರೂ ಸರಿಹೋಗಲಿಲ್ಲ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಮರುದಿನ ಬರ್ಲಿನ್‌ನಲ್ಲಿ ತೀರಿಕೊಂಡ. ಆಗ ಆತನಿಗೆ 48 ವರ್ಷ.

ನನ್ನ ಪಾಠಯೋಜನೆಯಲ್ಲಿ ಸಾವಿಗೆ ಒಂದೇ ಸಾಲು ಇತ್ತು. ತರಗತಿ ಅಲ್ಲೇ ನಿಂತಿತು. ರೈಟ್ ಸಹೋದರರು ಯಾಕೆ ಬೀಳಲಿಲ್ಲ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಅವರೂ ಬಿದ್ದಿದ್ದರು ಎಂದೆ. ಆದರೆ ಈ ಸಾವಿನ ಸುದ್ದಿ ಓದಿದ್ದ ಅವರು ಮೈಭಾರವೊಂದನ್ನೇ ನಂಬಲಿಲ್ಲ. ಮೂತಿಯನ್ನು ಏರಿಳಿಸಲು ಮುಂದುಗಡೆ ಬೇರೆ ಪುಟ್ಟ ರೆಕ್ಕೆ ಇಟ್ಟರು. ಗಂಟೆ ಹೊಡೆಯಿತು. ಕಾಗದದ ವಿಮಾನ ಆ ಹುಡುಗಿಯ ಕೈಯಲ್ಲಿತ್ತು, ಕ್ಲಿಪ್ ಮತ್ತೆ ಮೂತಿಗೆ ಬಂದಿತ್ತು.