ಐನ್‌ಸ್ಟೈನ್‌ಗೆ ನೋಟ್ಸ್ ಕೊಟ್ಟ ಗೆಳೆಯ

ಪ್ರತಿ ಕ್ಲಾಸಲ್ಲೂ ಒಬ್ಬ ಇರ್ತಾನೆ. ನೀಟಾದ ಅಕ್ಷರ, ಒಂದು ಲೆಕ್ಚರ್ ಕೂಡ ಬಿಡಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಅರ್ಧ ಹಾಸ್ಟೆಲ್ ಅವನ ರೂಮಿನ ಮುಂದೆ. 1896ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿದ ಬ್ಯಾಚಿನಲ್ಲಿ ಆ ಹುಡುಗ ಮಾರ್ಸೆಲ್ ಗ್ರಾಸ್‌ಮನ್. ನೋಟ್ಸ್ ಇಸ್ಕೊಂಡು ಹೋಗುತ್ತಿದ್ದವನು ಆಲ್ಬರ್ಟ್ ಐನ್‌ಸ್ಟೈನ್.

ಗ್ರಾಸ್‌ಮನ್ ಹುಟ್ಟಿದ್ದು 1878ರಲ್ಲಿ, ಬುಡಾಪೆಸ್ಟ್‌ನಲ್ಲಿ ನೆಲೆಸಿದ್ದ ಸ್ವಿಸ್ ಕುಟುಂಬದಲ್ಲಿ. ಐನ್‌ಸ್ಟೈನ್ ಗಣಿತದ ಕ್ಲಾಸಿಗೆ ಚಕ್ಕರ್ ಹೊಡೆದು ತನಗಿಷ್ಟವಾದ ಭೌತಶಾಸ್ತ್ರ ಓದುತ್ತಿದ್ದ. ಪರೀಕ್ಷೆ ಬಂದಾಗ ಗೆಳೆಯನ ನೋಟ್ಸೇ ಗತಿ. 1900ರಲ್ಲಿ ಇಬ್ಬರೂ ಪಾಸಾದರು. ಗ್ರಾಸ್‌ಮನ್‌ಗೆ ಅಲ್ಲೇ ಅಸಿಸ್ಟೆಂಟ್ ಕೆಲಸ ಸಿಕ್ತು, ಐನ್‌ಸ್ಟೈನ್‌ಗೆ ಎಲ್ಲೂ ಇಲ್ಲ. ಗೆಳೆಯನ ಪಾಡು ನೋಡಲಾರದೆ ಗ್ರಾಸ್‌ಮನ್ ಅಪ್ಪನ ಹತ್ತಿರ ಮಾತಾಡಿದ. ಅವರು ಬರ್ನ್‌ನ ಪೇಟೆಂಟ್ ಕಚೇರಿಯ ಮುಖ್ಯಸ್ಥರಿಗೆ ಶಿಫಾರಸು ಮಾಡಿದರು. 1902ರಲ್ಲಿ ಐನ್‌ಸ್ಟೈನ್‌ಗೆ ಸಂಬಳ ಅಂತ ಶುರುವಾಯಿತು. 1905ರ ಆ ಪ್ರಸಿದ್ಧ ಪೇಪರುಗಳು ಬಂದಿದ್ದು ಅದೇ ನೌಕರಿಯಲ್ಲಿದ್ದಾಗ. ಆ ವರ್ಷದ ಡಾಕ್ಟರೇಟ್ ಪ್ರಬಂಧವನ್ನು ಅವನು ಅರ್ಪಿಸಿದ್ದು ಗ್ರಾಸ್‌ಮನ್‌ಗೆ.

1907ರಲ್ಲಿ ಗ್ರಾಸ್‌ಮನ್ ತಾನು ಓದಿದಲ್ಲೇ ಡಿಸ್ಕ್ರಿಪ್ಟಿವ್ ಜಾಮೆಟ್ರಿಯ ಪ್ರೊಫೆಸರ್ ಆದ. ಫಸ್ಟ್ ಇಯರಲ್ಲಿ ನಮ್ಮನ್ನು ಗೋಳು ಹೊಯ್ದುಕೊಳ್ಳುವ ಇಂಜಿನಿಯರಿಂಗ್ ಡ್ರಾಯಿಂಗ್‌ನ ಬೇರು ಅದೇ ವಿಷಯ! 1912ರಲ್ಲಿ ಐನ್‌ಸ್ಟೈನನನ್ನೂ ಅಲ್ಲಿಗೆ ಪ್ರೊಫೆಸರಾಗಿ ಕರೆತರುವುದರಲ್ಲಿ ಅವನ ಕೈ ಇತ್ತು.

ಬಂದವನು ಗುರುತ್ವಾಕರ್ಷಣೆಯ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದ. ಯಾವ ಗಣಿತ ಬೇಕು ಅನ್ನೋದೇ ಗೊತ್ತಿಲ್ಲ. ಗ್ರಾಸ್‌ಮನ್ ಹುಡುಕಿ, ರೀಮಾನ್, ರಿಚ್ಚಿ, ಲೆವಿ-ಚಿವಿಟಾ ಮಾಡಿಟ್ಟಿದ್ದ ಕೆಲಸವನ್ನು ಮುಂದಿಟ್ಟ. ಐನ್‌ಸ್ಟೈನ್‌ನ ಅಂದಿನ ನೋಟ್‌ಬುಕ್ಕಿನಲ್ಲಿ ರೀಮಾನ್ ಟೆನ್ಸರ್ ಪಕ್ಕದಲ್ಲೇ ಗ್ರಾಸ್‌ಮನ್ ಹೆಸರಿದೆ. 1913ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು: ಭೌತಶಾಸ್ತ್ರದ ಭಾಗ ಒಬ್ಬನದು, ಗಣಿತದ ಭಾಗ ಇನ್ನೊಬ್ಬನದು. ಭೌತಶಾಸ್ತ್ರಕ್ಕೆ ತಾನು ಜವಾಬ್ದಾರನಲ್ಲ ಅಂತ ಗ್ರಾಸ್‌ಮನ್ ಮೊದಲೇ ಷರತ್ತು ಹಾಕಿದ್ದನಂತೆ. 1915ರ ಕೊನೆಗೆ ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನು ಪೂರ್ತಿ ಮಾಡಿದ. ಮುಂದೆ ಲೋಕ ಕೊಂಡಾಡಿದ್ದು ಒಬ್ಬನನ್ನೇ.

ಇತ್ತ ಜ್ಯೂರಿಕ್‌ನಲ್ಲಿ ಗ್ರಾಸ್‌ಮನ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಟಿಕೊಂಡಿತು. ವೈರಿನ ಇನ್ಸುಲೇಷನ್ ಕಿತ್ತು ಬಂದ ಹಾಗೆ ನರಗಳ ಹೊದಿಕೆ ಹಾಳಾಗುವ ಕಾಯಿಲೆ ಇದು. ಮಿದುಳಿನ ಸಿಗ್ನಲ್ ಕೈಕಾಲಿಗೆ ಸರಿಯಾಗಿ ಮುಟ್ಟಲ್ಲ. ಗೆರೆ ಎಳೆಯೋದನ್ನು ಕಲಿಸುವ ಮೇಷ್ಟ್ರಿಗೆ ಇಂಥ ರೋಗ. ಆಗ ಔಷಧಿಯೂ ಇರಲಿಲ್ಲ. ಆದರೂ ವರ್ಷಗಟ್ಟಲೆ ಪಾಠ ಮಾಡಿದ; 1927ರಲ್ಲಿ ಹುದ್ದೆ ಬಿಡಲೇಬೇಕಾಯಿತು.

ನನಗೆ ಹೆಚ್ಚು ಇಷ್ಟವಾಗೋದು ಆಮೇಲಿನ ಸಂಗತಿ. ಐನ್‌ಸ್ಟೈನ್ ಜಗತ್ಪ್ರಸಿದ್ಧನಾಗಿ ಹೊಸದೊಂದು ಏಕೀಕೃತ ಸಿದ್ಧಾಂತ ತಂದಿದ್ದ. 1931ರಲ್ಲಿ, ಆ ಸ್ಥಿತಿಯಲ್ಲೂ, ಅದರ ಗಣಿತ ಸರಿಯಿಲ್ಲ ಅಂತ ಗ್ರಾಸ್‌ಮನ್ ಪೇಪರ್ ಬರೆದು ಅಚ್ಚು ಹಾಕಿಸಿದ. ಐನ್‌ಸ್ಟೈನ್ ಒಪ್ಪಲಿಲ್ಲ. ಆದರೆ ಆ ಸಿದ್ಧಾಂತವನ್ನು ಅವನೂ ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ, ಅದು ಬೇರೆ ಮಾತು.

1936ರ ಸೆಪ್ಟೆಂಬರ್ 7ರಂದು ಗ್ರಾಸ್‌ಮನ್ ತೀರಿಕೊಂಡ, 58 ವರ್ಷಕ್ಕೆ. ಆಗ ಅಮೆರಿಕದಲ್ಲಿದ್ದ ಐನ್‌ಸ್ಟೈನ್ ಅವನ ಹೆಂಡತಿಗೆ ಕಾಗದ ಬರೆದ. ಕಾಲೇಜಿನ ದಿನಗಳು, ಎಲ್ಲರೂ ಕೈಬಿಟ್ಟಾಗ ಸಿಕ್ಕ ಆ ಕೆಲಸ, ಎಲ್ಲವನ್ನೂ ಅದರಲ್ಲಿ ನೆನೆದಿದ್ದ.