ಅಗೆಯೋ ಮೊದಲು ನಕ್ಷೆ ಬರೆದ ಸಾಹೇಬ: ಬಳ್ಳಾರಿ ಗುಡ್ಡಗಳ ಲೆಕ್ಕ ಇಟ್ಟ ರಾಬರ್ಟ್ ಬ್ರೂಸ್ ಫೂಟ್

ಬಳ್ಳಾರಿ: ನಗರದಲ್ಲಿರುವ ಪುರಾತತ್ವ ಸಂಗ್ರಹಾಲಯಕ್ಕೆ ಒಬ್ಬ ಇಂಗ್ಲಿಷ್ ಸಾಹೇಬರ ಹೆಸರಿದೆ. ರಾಬರ್ಟ್ ಬ್ರೂಸ್ ಫೂಟ್. ಸಂಗನಕಲ್ಲು ಗುಡ್ಡದ ಕಲ್ಲಿನ ಕೊಡಲಿಗಳ ಬಗ್ಗೆ ಓದಿದವರಿಗೆ ಈ ಹೆಸರು ಗೊತ್ತು. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತಲೇ ಅವರನ್ನು ಕರೀತಾರೆ. ಆದರೆ ಸರ್ಕಾರ ಅವರಿಗೆ ಸಂಬಳ ಕೊಡ್ತಾ ಇದ್ದದ್ದು ಕಲ್ಲಿನ ಕೊಡಲಿ ಹುಡುಕೋಕಲ್ಲ. ಯಾವ ಜಾತಿಯ ಕಲ್ಲು ಎಲ್ಲಿಂದ ಎಲ್ಲಿವರೆಗೆ ಹಬ್ಬಿದೆ, ಯಾವುದರಲ್ಲಿ ಅದಿರು ಇರಬಹುದು, ಯಾವುದರಲ್ಲಿ ಇರಲಾರದು ಅಂತ ನಕ್ಷೆ ಬರೆಯೋದು ಅವರ ಕೆಲಸ.

ಇವತ್ತು ಗಣಿ ಅಂದ್ರೆ ನಮ್ಮ ಜಿಲ್ಲೆಯಲ್ಲಿ ಲಾರಿ, ಧೂಳು, ಕೋರ್ಟು, ಕೇಸು. ಆದರೆ ಮೊದಲ ಗುದ್ದಲಿ ಬೀಳುವ ಮುಂಚೆ ನಕ್ಷೆ ಹೇಗೆ ತಯಾರಾಗಬೇಕು, ಮಾಹಿತಿ ಹೇಗೆ ಕೂಡಿಡಬೇಕು ಅನ್ನೋದನ್ನ ಇದೇ ಗುಡ್ಡಗಳಲ್ಲಿ ಓಡಾಡಿ ಮಾಡಿ ತೋರಿಸಿದವರ ಜೀವನವನ್ನು ಒಂದ್ಸಲ ನೋಡೋದು ಒಳ್ಳೇದು.

ಇಪ್ಪತ್ನಾಲ್ಕರ ಹುಡುಗ ಮದ್ರಾಸಿಗೆ ಬಂದ

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ, ಅಂದ್ರೆ ಈಗ ಎಲ್ಲರೂ ಜಿಎಸ್‌ಐ ಅನ್ನೋ ಇಲಾಖೆಗೆ ಸೇರಿದರು. ಆಗ ಇಲಾಖೆಗೆ ಇನ್ನೂ ಏಳು ವರ್ಷ ವಯಸ್ಸು. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥ. ಬೆರಳೆಣಿಕೆಯ ಅಧಿಕಾರಿಗಳು, ಎದುರಿಗೆ ಇಡೀ ದೇಶ.

1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಗರಸು ನೋಡುವಾಗ ಮನುಷ್ಯ ಕೈಯಿಂದ ಒಡೆದು ಮಾಡಿದ ಕಲ್ಲಿನ ಆಯುಧವೊಂದು ಅವರ ಕಣ್ಣಿಗೆ ಬಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಭಾರತದಲ್ಲಿ ಮನುಷ್ಯನ ಇತಿಹಾಸ ಎಷ್ಟು ಹಿಂದಕ್ಕೆ ಹೋಗುತ್ತೆ ಅನ್ನೋ ಲೆಕ್ಕವೇ ಅಲ್ಲಿಂದ ಬದಲಾಯ್ತು. ಇದು ಅದೃಷ್ಟ ಅಂತ ಅನ್ನಿಸಬಹುದು. ಆದರೆ ನಕ್ಷೆ ಬರೆಯುವವನು ಗರಸಿನ ಹಳ್ಳವನ್ನೂ ಬಿಡುವಂತಿಲ್ಲ. ಕಲ್ಲಿನ ಪದರ ಎಲ್ಲೆಲ್ಲಿ ಬಾಯಿ ಬಿಟ್ಟಿದೆಯೋ ಅಲ್ಲೆಲ್ಲ ಬಗ್ಗಿ ನೋಡಲೇಬೇಕು. ಅಭ್ಯಾಸ ಕೈ ಹಿಡೀತು.

ಕೆಲಸ ಹೇಗೆ ನಡೀತಿತ್ತು?

ಆಗಿನ ಸರ್ವೆ ಕೆಲಸಕ್ಕೆ ಒಂದು ವರ್ಷದ ಲೆಕ್ಕ ಇತ್ತು. ಮಳೆ ನಿಂತ ಮೇಲೆ ಗುಡಾರ ಹೊತ್ತು ಹೊರಡೋದು, ಬೇಸಿಗೆ ಬಲಿಯುವ ತನಕ ಹೊಲ, ಹಳ್ಳ, ಗುಡ್ಡ ಸುತ್ತೋದು. ಮಳೆಗಾಲದಲ್ಲಿ ಕಚೇರಿಯಲ್ಲಿ ಕೂತು ಟಿಪ್ಪಣಿ ತಿದ್ದೋದು, ನಕ್ಷೆಗೆ ಬಣ್ಣ ತುಂಬೋದು, ವರದಿ ಬರೆಯೋದು.

ಕಲ್ಲಿನ ನಕ್ಷೆ ಬರೆಯೋಕೆ ಮೊದಲು ನೆಲದ ನಕ್ಷೆ ಬೇಕು. ಅದು ಅವರಿಗೆ ತಯಾರಾಗಿ ಸಿಕ್ಕಿತ್ತು. ಟಿಪ್ಪು ಸತ್ತ ಮೇಲೆ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಶುರು ಮಾಡಿದ್ದರು. 1800ರಲ್ಲಿ ಬೆಂಗಳೂರಿನ ಹತ್ತಿರ ಲ್ಯಾಂಬ್ಟನ್ ಸರಪಳಿ ಹಿಡಿದು ಅಳತೆ ಹಾಕಿದ್ದರು. ಅಂಥ ಅಳತೆಗಳ ಮೇಲೆ ಬಂದ ನಾಲ್ಕು ಮೈಲಿಗೆ ಒಂದಿಂಚಿನ ಅಟ್ಲಾಸ್ ಹಾಳೆಗಳೇ ಜಿಎಸ್‌ಐನವರಿಗೆ ಆಧಾರ. ಊರು, ಕೆರೆ, ನದಿ, ಗುಡ್ಡ ಅದರಲ್ಲಿ ಇರ್ತಿತ್ತು. ಅದರ ಮೇಲೆ ಕಲ್ಲಿನ ಗಡಿ ಎಳೆಯೋದು ಫೂಟ್ ಅವರ ಕೆಲಸ.

ಈ ಅಳತೆ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನಾಲ್ಕು ಮೈಲಿಗೆ ಒಂದಿಂಚು ಅಂದ್ರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 250 ಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಒಂದು ಓಣಿ ಮುಚ್ಚಿಹೋಗುತ್ತೆ. ಎಲ್ಲಿ ಹುಡುಕಬೇಕು ಅಂತ ಹೇಳೋಕೆ ಇಂಥ ನಕ್ಷೆ ಸಾಕು. ಗಡಿಕಲ್ಲು ಎಲ್ಲಿ ನೆಡಬೇಕು ಅಂತ ಹೇಳೋಕೆ ಸಾಲದು.

ಫೂಟ್ ನದಿ ಪಾತ್ರಗಳನ್ನ, ದಾರಿ ಕಡಿದ ಜಾಗಗಳನ್ನ ಹಿಡಿದು ನಡೀತಿದ್ದರು. ಪದರ ಯಾವ ದಿಕ್ಕಿಗೆ ಓಡುತ್ತೆ, ಯಾವ ಕಡೆ ಓರೆಯಾಗಿದೆ ಅಂತ ಗುರುತು ಹಾಕೋದು, ಕಲ್ಲಿನ ಚೂರು ಒಡೆದು ಸಿಕ್ಕ ಊರಿನ ಹೆಸರಿನ ಜೊತೆ ಎತ್ತಿಡೋದು, ಎರಡು ದಾರಿಗಳ ನಡುವೆ ಕಾಣದ ಜಾಗವನ್ನು ಎರಡೂ ಕಡೆಯ ಸಾಕ್ಷಿ ನೋಡಿ ಜೋಡಿಸೋದು. ಬೆಳಗಾವಿ, ಕಲಾದಗಿ ಕಡೆ ಹೀಗೆ ಸುತ್ತಿದ ಕೆಲಸ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ದೊಡ್ಡ ವರದಿಯಾಗಿ ಬಂತು. ಆ ಓಡಾಟದಲ್ಲೇ ಗೋಕಾಕ ಹತ್ತಿರ ಅಳಿದುಹೋದ ಘೇಂಡಾಮೃಗವೊಂದರ ಎಲುಬುಗಳೂ ಸಿಕ್ಕವು.

ಜಾಲಗಾರರು ತೋರಿಸಿದ ದಾರಿ

ಗದಗ ಹತ್ತಿರದ ಡಂಬಳ ಗುಡ್ಡಗಳ, ಈಗ ನಾವು ಕಪ್ಪತಗುಡ್ಡ ಅನ್ನೋ ಸಾಲಿನ ಚಿನ್ನದ ಕಲ್ಲುಗಳ ಬಗ್ಗೆ ಫೂಟ್ 1874ರಲ್ಲಿ ಬರೆದರು. ಆ ಕಡೆ ಮಳೆಗಾಲ ಮುಗಿದ ಮೇಲೆ ಹಳ್ಳದ ಮರಳು ತೊಳೆದು ಚಿನ್ನದ ಕಣ ತೆಗೆಯುವ ಜಾಲಗಾರರು ಇದ್ದರು. ತಲೆತಲಾಂತರದಿಂದ ಯಾವ ಹಳ್ಳದಲ್ಲಿ ಕಣ ಸಿಗುತ್ತೆ, ಯಾವುದರಲ್ಲಿ ಸಿಗಲ್ಲ ಅಂತ ಅವರಿಗೆ ಗೊತ್ತಿತ್ತು. ಸೊರಟೂರು ಹಳ್ಳಕ್ಕೆ ಹೆಸರಿತ್ತು.

ಚಿನ್ನ ಸಿಗುವ ಹಳ್ಳ ಯಾವ ಜಾತಿಯ ಕಲ್ಲಿನ ಮೇಲೆ ಹರಿದು ಬರುತ್ತೆ ಅಂತ ನೋಡಬೇಕು. ಆಗ ಊರವರ ಅನುಭವವೇ ನಕ್ಷೆಯ ಮೇಲೆ ಒಂದು ಗುರುತಾಗುತ್ತೆ. ಹಾಗಂತ ಫೂಟ್ ಚಿನ್ನ ಚಿನ್ನ ಅಂತ ಕೂಗಲಿಲ್ಲ. ಕಡಿಮೆ ಇದ್ದಲ್ಲಿ ಕಡಿಮೆ ಅಂತಲೇ ಬರೆಯುವ ಸ್ವಭಾವ ಅವರದು. ಹುಡುಕಾಟದ ತಂಡಕ್ಕೆ ಇಲ್ಲ ಅನ್ನೋ ಮಾಹಿತಿ ಇದೆ ಅನ್ನೋದರಷ್ಟೇ ಬೆಲೆಯದು. ಮುಂದೆ ಬರುವವನು ಅದೇ ಜಾಗದಲ್ಲಿ ಮತ್ತೆ ದುಡ್ಡು ಸುರಿಯೋದು ತಪ್ಪುತ್ತೆ.

ವೈನಾಡಿನಲ್ಲಿ ಮುಳುಗಿದ ದುಡ್ಡು

ಹಾಗೆ ಲೆಕ್ಕ ಹಾಕದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಅದೇ ಕಾಲದಲ್ಲಿ ಸಿಕ್ತು. 1880ರ ಹೊತ್ತಿಗೆ ವೈನಾಡಿನಲ್ಲಿ ಚಿನ್ನ ಇದೆ ಅಂತ ಲಂಡನ್ನಿನಲ್ಲಿ ಹುಚ್ಚೆದ್ದಿತು. ಎರಡು ವರ್ಷದೊಳಗೆ 30ಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ, 40 ಲಕ್ಷ ಪೌಂಡಿಗಿಂತ ಹೆಚ್ಚು ಬಂಡವಾಳ ಘೋಷಿಸಿದವು. ಕಾಫಿ ತೋಟಗಳೇ ಚಿನ್ನದ ಜಮೀನು ಅಂತ ಕೈ ಬದಲಾದವು. ಕೆಲವೇ ವರ್ಷಗಳಲ್ಲಿ ಬಹುತೇಕ ಕಂಪನಿಗಳು ಬಾಗಿಲು ಹಾಕಿದವು. ಚಿನ್ನ ಇರಲಿಲ್ಲ ಅಂತಲ್ಲ, ಖರ್ಚು ಹುಟ್ಟುವಷ್ಟು ಇರಲಿಲ್ಲ.

ಕೋಲಾರದ ಕತೆಯೇ ಬೇರೆ. 1802ರಲ್ಲಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ವಾರನ್ ಅಲ್ಲಿನ ಚಿನ್ನದ ಬಗ್ಗೆ ಬರೆದಿದ್ದರು. 1870ರ ದಶಕದಲ್ಲಿ ಲವೆಲ್ ಅನ್ನೋರು ಪರವಾನಗಿ ಪಡೆದರು. ಮೊದಲು ಕೈ ಸುಟ್ಟುಕೊಂಡರೂ, 1880ರ ದಶಕದ ಮಧ್ಯದಲ್ಲಿ ಹಳೇ ಕಾಲದವರು ಅಗೆದು ಬಿಟ್ಟ ಗುಂಡಿಗಳ ಕೆಳಗೆ ಚಾಂಪಿಯನ್ ಪದರ ಸಿಕ್ತು. ಮೈಸೂರಿನ ಚಿನ್ನದ ನೆಲಗಳನ್ನು ಅಡ್ಡಹಾಯ್ದು ನೋಡಿದ ಟಿಪ್ಪಣಿಯನ್ನು ಫೂಟ್ 1882ರಲ್ಲೇ ಪ್ರಕಟಿಸಿದ್ದರು.

ಚೂರುಗಳನ್ನ ಜೋಡಿಸಿದ ನಕ್ಷೆ

ಫೂಟ್ ಮಾಡಿದ ದೊಡ್ಡ ಕೆಲಸ ಇಲ್ಲಿದೆ. ಧಾರವಾಡ, ಗದಗ, ಸಂಡೂರು, ಬಳ್ಳಾರಿ, ಕೋಲಾರ ಹೀಗೆ ದೂರ ದೂರ ಇರುವ ಕಪ್ಪು, ಹಸಿರು ಪದರಗಲ್ಲಿನ ಪಟ್ಟೆಗಳನ್ನು ಅವರು ಬೇರೆ ಬೇರೆ ಅಂತ ನೋಡಲಿಲ್ಲ. ಇವೆಲ್ಲ ಒಂದೇ ಕುಟುಂಬ, ಒಂದು ಕಾಲಕ್ಕೆ ವಿಶಾಲವಾಗಿ ಹಾಸಿದ್ದ ಪದರಗಳು ಮಡಚಿ, ಹಿಂಡಿ, ಸವೆದು ಉಳಿದ ಚೂರುಗಳು ಅಂತ ಹೇಳಿದರು. ಸುತ್ತಲಿನ ಗ್ರಾನೈಟ್ ಜಾತಿಯ ಕಲ್ಲಿನಿಂದ ಬೇರೆ ಮಾಡಿ ಈ ಗುಂಪಿಗೆ ಧಾರವಾಡದ ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನಕ್ಕೆ ಮುಖ್ಯ ತಾಣ ಇದೇ ಕಲ್ಲು ಅಂತ 1888ರ ಬರಹದಲ್ಲಿ ಮಂಡಿಸಿದರು. ಇವತ್ತಿಗೂ ಪ್ರಪಂಚದ ಭೂವಿಜ್ಞಾನಿಗಳು ಧಾರವಾಡ ಅಂತಲೇ ಹೇಳ್ತಾರೆ.

ಇದರಿಂದ ಏನು ಉಪಯೋಗ? ಇಡೀ ದಕ್ಷಿಣ ಭಾರತ ಅಗೆದು ನೋಡೋ ಬದಲು ಕೆಲವು ಸಣ್ಣ ಪಟ್ಟೆಗಳನ್ನಷ್ಟೇ ನೋಡಿದರೆ ಸಾಕು ಅನ್ನೋದು ಗೊತ್ತಾಯ್ತು. ಕೋಲಾರದ ಪಟ್ಟೆ ಸುಮಾರು 80 ಕಿಲೋಮೀಟರ್ ಉದ್ದ ಇದ್ದರೂ ಅಗಲ ಕೆಲವೇ ಕಿಲೋಮೀಟರ್. ಇಂದಿಗೂ ಚಿನ್ನ ತೆಗೀತಿರುವ ರಾಯಚೂರು ಜಿಲ್ಲೆಯ ಹಟ್ಟಿ ಕೂಡ ಧಾರವಾಡ ಕಲ್ಲಿನ ಪಟ್ಟೆಯ ಮೇಲೇ ಇದೆ.

ನಮ್ಮ ಜಿಲ್ಲೆಯ ಪಾಲಿಗೆ ಅವರು ಗುರುತಿಸಿದ್ದು ಸಂಡೂರು–ಕಾಪರ್ ಮೌಂಟೇನ್ ಪಟ್ಟೆ. ಬಳ್ಳಾರಿ ಪಕ್ಕದ ಆ ಗುಡ್ಡದ ಹೆಸರು ಕಾಪರ್, ಸಾಲಿನ ಸಂಪತ್ತು ಮಾತ್ರ ಕಬ್ಬಿಣ. ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ಅವರ ಇಡೀ ಪುಸ್ತಕ 1895ರಲ್ಲಿ ಬಂತು. ಸಂಡೂರು ಗುಡ್ಡಗಳ ಕಬ್ಬಿಣದ ಅದಿರು ಎಷ್ಟು ಸಮೃದ್ಧ ಅನ್ನೋದು ಅಲ್ಲಿ ದಾಖಲಾಗಿದೆ. ಲಾರಿಗಳು ಬರೋಕೆ ಒಂದು ಶತಮಾನ ಮುಂಚೆ!

ಕಲ್ಲಿಗೂ ವಿಳಾಸ

ಸರ್ವೆ ಮಾಡ್ತಾ ಸಿಕ್ಕ ಕಲ್ಲಿನ ಆಯುಧ, ಮಡಕೆ ಚೂರುಗಳನ್ನೂ ಫೂಟ್ ಅದೇ ಶಿಸ್ತಿನಲ್ಲಿ ಇಟ್ಟರು. ಯಾವ ಊರು, ಯಾವ ಗುಡ್ಡ ಅನ್ನೋ ವಿಳಾಸ ಬರೆದಿಟ್ಟರು. ಹೀಗೆ ನಾನೂರಕ್ಕೂ ಹೆಚ್ಚು ನೆಲೆಗಳು ದಾಖಲಾದವು. ಆನೆಗೊಂದಿ ಹತ್ತಿರ ನಿಂಬಾಪುರದ ಬೂದಿ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳ್ತಾರೆ. ಅಂಥದ್ದೇ ದಿಬ್ಬ ನಮ್ಮ ಕುಡತಿನಿ ಹತ್ತಿರವೂ ಇದೆ. ಈ ಬೂದಿ ದನದ ಸಗಣಿ ಸುಟ್ಟದ್ದು, ಹೊಸ ಶಿಲಾಯುಗದ ದನಗಾಹಿಗಳದ್ದು ಅನ್ನೋ ಕಡೆಗೆ ಫೂಟ್ ವಾಲಿದರು. 20ನೇ ಶತಮಾನದ ಸಂಶೋಧನೆ ಅದನ್ನೇ ಗಟ್ಟಿ ಮಾಡಿತು.

ಆ ಸಂಗ್ರಹ 1904ರಲ್ಲಿ ಮದ್ರಾಸ್ ಸರ್ಕಾರಿ ಮ್ಯೂಸಿಯಂ ಸೇರಿತು. ವಿವರವಾದ ಪಟ್ಟಿ ಅವರು ತೀರಿಹೋದ ಮೇಲೆ, 1914 ಮತ್ತು 1916ರಲ್ಲಿ ಅಚ್ಚಾಯಿತು. ವಿಳಾಸ ಇದ್ದದ್ದಕ್ಕೇ 1940ರ ದಶಕದಲ್ಲಿ ಸುಬ್ಬರಾವ್ ಅಂಥ ವಿದ್ವಾಂಸರು ಸಂಗನಕಲ್ಲಿಗೆ ಮರಳಿ ಬಂದು ಅಗೆದು ನೋಡೋಕಾಯ್ತು. ವಿಳಾಸ ಇಲ್ಲದಿದ್ದರೆ ಕಲ್ಲು ಬರೀ ಕಲ್ಲು.

1891ರಲ್ಲಿ ನಿವೃತ್ತರಾದರೂ ಫೂಟ್ ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದ ಭೂರಚನೆಯ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಇವತ್ತಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲಿದೆ. ಕೊನೆಯ ವರ್ಷಗಳನ್ನು ಏರ್ಕಾಡಿನಲ್ಲಿ ಕಳೆದು, 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ತೀರಿಕೊಂಡರು.

ನಕ್ಷೆಯಲ್ಲಿ ಇಲ್ಲದ್ದು

ಹೊಗಳಿ ಮುಗಿಸಿದರೆ ಅರ್ಧ ಮಾತು ಆಗುತ್ತೆ. ಈ ನಕ್ಷೆಗಳು ತಯಾರಾಗಿದ್ದು ಬ್ರಿಟಿಷ್ ಸರ್ಕಾರಕ್ಕಾಗಿ. ಕೋಲಾರದ ಚಿನ್ನದ ಲಾಭ ಲಂಡನ್ನಿನ ಷೇರುದಾರರಿಗೆ ಹೋಯ್ತು, ಆಳದಲ್ಲಿ ಉಸಿರು ಕಟ್ಟಿದ್ದು ಕೂಲಿಗಳಿಗೆ. ಗುಡ್ಡದ ಮೇಲೆ ಯಾರ ದನ ಮೇಯುತ್ತೆ, ಯಾವ ಹಳ್ಳದ ನೀರು ಯಾವ ಊರಿಗೆ ಅನ್ನೋದಕ್ಕೆ ಕಲ್ಲಿನ ನಕ್ಷೆಯಲ್ಲಿ ಬಣ್ಣ ಇರಲಿಲ್ಲ.

ನಮ್ಮ ಜಿಲ್ಲೆ ಪೆಟ್ಟು ತಿಂದದ್ದೂ ನಕ್ಷೆಯ ವಿಷಯದಲ್ಲೇ. ಅದಿರು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರ ಗುತ್ತಿಗೆ ಎಲ್ಲಿಗೆ ಮುಗಿಯುತ್ತೆ ಅನ್ನೋದೇ ಕಲಸಿಹೋಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಜಂಟಿ ತಂಡಗಳು ಗುತ್ತಿಗೆಗಳ ಗಡಿ ಮತ್ತೆ ಅಳೆದವು, ಗಣಿಗಳು ಎ, ಬಿ, ಸಿ ಅಂತ ವಿಂಗಡಣೆಯಾದವು, 2013ರಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಆಂಧ್ರದ ಜೊತೆಗಿನ ಗಡಿ ಗುರುತಿಸೋಕೆ ಸರ್ವೆ ಆಫ್ ಇಂಡಿಯಾವನ್ನೇ ಕರೆಸಬೇಕಾಯ್ತು. ಅದಿರು ಹುಡುಕುವ ನಕ್ಷೆ ಬೇರೆ, ಗಡಿ ಹಾಕುವ ನಕ್ಷೆ ಬೇರೆ. ಎರಡನೆಯದು ಸರಿ ಇಲ್ಲದಿದ್ದರೆ ಮೊದಲನೆಯದು ಎಷ್ಟು ಚೆನ್ನಾಗಿದ್ದರೂ ಜನಕ್ಕೆ ನಷ್ಟವೇ.

ಈಗ ಉಪಗ್ರಹ ಚಿತ್ರ, ಜಿಪಿಎಸ್, ಕಂಪ್ಯೂಟರ್ ಎಲ್ಲ ಇವೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಭೂವಿಜ್ಞಾನ ಮಾಹಿತಿಯನ್ನೆಲ್ಲ ಒಂದೇ ಕಡೆ ಸಿಗುವಂತೆ ರಾಷ್ಟ್ರೀಯ ಭಂಡಾರವನ್ನೂ ತೆರೆದಿದೆ. ಸಾಧನ ಬದಲಾಗಿದೆ, ಕೇಳಬೇಕಾದ ಪ್ರಶ್ನೆಗಳು ಬದಲಾಗಿಲ್ಲ. ನಾಳೆ ನಿಮ್ಮೂರಿನ ಗುಡ್ಡಕ್ಕೆ ಖನಿಜ ಹುಡುಕುವ ತಂಡ ಬಂದರೆ ಗ್ರಾಮ ಪಂಚಾಯ್ತಿಯಲ್ಲಿ ನಿಂತು ಧೈರ್ಯವಾಗಿ ಕೇಳಿ: ಆಧಾರ ನಕ್ಷೆ ಯಾವುದು, ಅಳತೆ ಎಷ್ಟು? ತೆಗೆದ ಮಾದರಿ ಕಲ್ಲಿನ ವಿಳಾಸ ಎಲ್ಲಿ ಬರೆದಿದ್ದೀರಿ? ಏನೂ ಸಿಗದ ಜಾಗವನ್ನೂ ದಾಖಲೆ ಮಾಡಿದ್ದೀರಾ? ನಮ್ಮ ಕೆರೆ, ಗೋಮಾಳ, ದೇವರ ಕಟ್ಟೆ ನಿಮ್ಮ ನಕ್ಷೆಯಲ್ಲಿ ಇದೆಯಾ?

ಮೊದಲ ಮೂರಕ್ಕೆ ಫೂಟ್ ನೂರಿಪ್ಪತ್ತೈದು ವರ್ಷದ ಹಿಂದೆಯೇ ಉತ್ತರ ಬರೆದಿಟ್ಟು ಹೋದರು. ನಾಲ್ಕನೆಯದನ್ನು ನಾವೇ ಕೇಳಿ ಬರೆಸಬೇಕು.