ಪುಸ್ತಕದ ಪುಟದಲ್ಲಿ ದೇಶವನ್ನು ಕಂಡ ಕಲಾವಿದ ಕೆ. ವೆಂಕಟಪ್ಪ

ಚಾಂಪಿಯನ್ ರೀಫ್ಸಿನ ಮಕ್ಕಳಿಗೆ ಚಿನ್ನದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು, ಬಂಡೆಯನ್ನು ಸಿಡಿಸಿ, ಅದಿರನ್ನು ಮೇಲಕ್ಕೆ ತಂದು ಅರೆದರೂ ಕೊನೆಕೊನೆಗೆ ದೊರೆಯುತ್ತಿದ್ದುದು ಟನ್ನಿಗೆ ಕೆಲವೇ ಗ್ರಾಂ ಚಿನ್ನ. 2001ರಲ್ಲಿ ಗಣಿ ಮುಚ್ಚಿತಾದರೂ ಆ ದುಡಿಮೆಯ ನೆನಪು ಇಲ್ಲಿಯ ಮನೆಗಳಲ್ಲಿ ಉಳಿದಿದೆ. ಹೊಳೆಯುವ ವಸ್ತುವಿನ ಹಿಂದೆ ಕಣ್ಣಿಗೆ ಕಾಣದ ಶ್ರಮವಿರುತ್ತದೆಂಬುದನ್ನು ಬಲ್ಲ ಈ ಊರಿನ ವಿದ್ಯಾರ್ಥಿಗಳು ಚಿತ್ರಕಲಾವಿದ ಕೆ. ವೆಂಕಟಪ್ಪನವರ ಜೀವನವನ್ನು ಅರಿಯುವುದು ಉಚಿತವಾಗಿದೆ.

ಹಳೆಯ ಪುಸ್ತಕಗಳಲ್ಲಿಯ ದೇಶಾಭಿಮಾನದ ಚಿತ್ರಗಳನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಯಂತ್ರದಿಂದ ಮುದ್ರಿಸಿ ಗೋಡೆಗೆ ತೂಗುಹಾಕುವ ರೂಢಿ ಈಗ ಬಂದಿದೆ. ನೋಡಲು ಅಂದವಾದ ಆ ಚಿತ್ರಗಳು ಎಂಥ ಕಾಲದಲ್ಲಿ, ಎಂಥ ಕೈಗಳಿಂದ ಮೂಡಿದವೆಂಬುದನ್ನು ವೆಂಕಟಪ್ಪನವರ ಬಾಳು ತಿಳಿಸಿಕೊಡುತ್ತದೆ.

ಅವರು 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಜನಿಸಿದರು. ಬಾಲಕನ ಪ್ರತಿಭೆಯು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಅವರ ಪ್ರೋತ್ಸಾಹದಿಂದ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರಂಥವರು ಅದೇ ಗುರುವಿನ ಶಿಷ್ಯರು.

ಆಗ ಬಂಗಾಳದಲ್ಲಿ ಸ್ವದೇಶಿ ಚಳವಳಿಯ ಕಾವು ಆರಿರಲಿಲ್ಲ. ಭಾರತೀಯರಿಗೆ ಶಿಲ್ಪ, ಕಸುಬುಗಳುಂಟೇ ಹೊರತು ಉನ್ನತ ಚಿತ್ರಕಲೆಯಿಲ್ಲವೆಂದು ಆಳುವವರಲ್ಲಿ ಅನೇಕರು ನಂಬಿದ್ದರು. ಈ ಮಾತಿಗೆ ಕುಂಚದಿಂದಲೇ ಉತ್ತರ ಕೊಡಬೇಕೆಂದು ಹೊರಟವರು ಅವನೀಂದ್ರನಾಥರು. ಅವರು 1905ರಲ್ಲಿ ಬರೆದ ಭಾರತಮಾತೆಯ ಚಿತ್ರವನ್ನು ಅಸಂಖ್ಯ ಪ್ರತಿಗಳಲ್ಲಿ ಅಚ್ಚುಹಾಕಿಸಿ ನಾಡಿನ ಮೂಲೆಮೂಲೆಗೂ ಹಂಚಬೇಕೆಂಬುದು ಸೋದರಿ ನಿವೇದಿತಾ ಅವರ ಹಂಬಲವಾಗಿತ್ತು. ಒಬ್ಬ ಅರಸನ ಗೋಡೆಗೆ ಒಂದೇ ಚಿತ್ರ. ಅಚ್ಚಾದರೆ ಬಡವನ ಗುಡಿಸಲಿಗೂ ಅದೇ ಚಿತ್ರ ಎಂಬುದನ್ನು ಆಕೆ ಮನಗಂಡಿದ್ದರು. 1907ರಲ್ಲಿ ಮಕ್ಕಳಿಗಾಗಿ ಪುರಾಣಕಥೆಗಳ ಪುಸ್ತಕವೊಂದನ್ನು ಪ್ರಕಟಿಸಿದ ನಿವೇದಿತಾ ಮುಂದೆ ಹಿಂದೂ ಹಾಗೂ ಬೌದ್ಧ ಪುರಾಣಗಳ ದೊಡ್ಡ ಸಂಪುಟವನ್ನು ಕೈಗೆತ್ತಿಕೊಂಡರು. 1911ರಲ್ಲಿ ಅವರು ತೀರಿಕೊಂಡಾಗ ಆನಂದ ಕುಮಾರಸ್ವಾಮಿಯವರು ಅದನ್ನು ಪೂರ್ಣಗೊಳಿಸಿದರು. 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 32 ವರ್ಣಚಿತ್ರಗಳಿವೆ. ರಾಮಾಯಣ ಭಾಗದ ಹಲವು ಚಿತ್ರಗಳು ನಮ್ಮ ವೆಂಕಟಪ್ಪನವರವು. ಇಪ್ಪತ್ತೇಳರ ಹರೆಯದ ಕನ್ನಡಿಗನ ಕೈಬರಹವನ್ನು ಹೀಗೆ ಹೊರದೇಶದ ಓದುಗರೂ ಕಂಡರು.

ಗುರುಗಳಿಂದ ಅವರು ಕಲಿತ ವಿಧಾನ ತಾಳ್ಮೆಯದು. ಕಾಗದದ ಮೇಲೆ ತೆಳುವಾಗಿ ಬಣ್ಣ ಹಚ್ಚುವುದು, ನೀರಿನಿಂದ ತೊಳೆಯುವುದು, ಒಣಗಿದ ಬಳಿಕ ಮತ್ತೆ ಹಚ್ಚುವುದು. ಹೀಗೆ ಹಲವು ಸಲ ಮಾಡಿದಾಗ ಮಂಜಿನಂಥ ಮೃದುತ್ವ ಮೂಡುವುದು. ಅಂಥ ಕಿರುಚಿತ್ರವನ್ನು ಹಿಗ್ಗಿಸಿ ಒರಟು ಬಟ್ಟೆಯ ಮೇಲೆ ಅಚ್ಚೊತ್ತಿದರೆ ಆಕಾರ ಬರುತ್ತದೆ, ಆ ಮೃದುತ್ವ ಮಾತ್ರ ಬರುವುದಿಲ್ಲ. ಆದರೂ ಪ್ರತಿಯನ್ನು ಹೀಗಳೆಯಬಾರದು. ಮೂಲದತ್ತ ನಮ್ಮನ್ನು ಕರೆದೊಯ್ಯುವ ದಾರಿ ಅದು.

ಮೈಸೂರಿಗೆ ಮರಳಿದ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದರು. ಅವಿವಾಹಿತರಾಗಿಯೇ ಉಳಿದು ಕಲೆಯನ್ನೇ ಸಂಸಾರವನ್ನಾಗಿಸಿಕೊಂಡರು. ಉದಕಮಂಡಲ, ಕೊಡೈಕಾನಲ್‌ಗಳ ಮಂಜು, ಮರ, ಬೆಳಕುಗಳನ್ನು ಜಲವರ್ಣದಲ್ಲಿ ಹಿಡಿದರು. ಅರಮನೆಗಾಗಿ ಉಬ್ಬುಶಿಲ್ಪಗಳನ್ನು ರಚಿಸಿದರು. 1940ರಲ್ಲಿ ನಾಲ್ವಡಿಯವರು ನಿಧನರಾದ ಮೇಲೆ ಈ ಕೆಲಸದ ವಿಷಯದಲ್ಲಿ ಅರಮನೆಯೊಂದಿಗೆ ವ್ಯಾಜ್ಯವುಂಟಾಯಿತು. ಆಸ್ಥಾನದ ಆಶ್ರಯದಲ್ಲಿ ಬೆಳೆದವರೇ ಅರಮನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಕಲಾವಿದನು ಕೃಪೆಯನ್ನು ಬೇಡುವವನಲ್ಲ, ತನ್ನ ದುಡಿಮೆಗೆ ತಕ್ಕ ಮನ್ನಣೆಗೆ ಹಕ್ಕುಳ್ಳವನು ಎಂಬ ನಿಲುವು ಆ ನಡೆಯಲ್ಲಿತ್ತು. ಅದಕ್ಕಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ. ಪೋಷಣೆ ತಪ್ಪಿತು, ಬೆಂಗಳೂರಿಗೆ ಬಂದು ಏಕಾಂತದಲ್ಲಿ ಬದುಕಿದರು. ಆದರೂ ಕಲೆಯ ವಿಷಯದಲ್ಲಿ ರಾಜಿಯಾಗಲಿಲ್ಲ.

1965ರಲ್ಲಿ ಅವರು ಕಾಲವಾದರು. 1970ರ ದಶಕದಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ ಅವರ ಹೆಸರಿನ ಚಿತ್ರಶಾಲೆ ತಲೆಯೆತ್ತಿತು.

ವಿದ್ಯಾರ್ಥಿಗಳೇ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಅವಕಾಶ ದೊರೆತಾಗ ಅವರ ಕೃತಿಗಳನ್ನು ಹುಡುಕಿ ನೋಡಿರಿ. ನಿಮ್ಮ ಪಠ್ಯಪುಸ್ತಕದ ಚಿಕ್ಕ ಚಿತ್ರವನ್ನೂ ಅವಸರದಲ್ಲಿ ದಾಟಬೇಡಿರಿ. ನಿಮ್ಮ ಅಜ್ಜಂದಿರು ಕತ್ತಲಲ್ಲಿ ಬಂಡೆಯನ್ನು ಒಡೆದಂತೆ, ಯಾರೋ ಒಬ್ಬರು ಆ ಗೆರೆಗಳಿಗಾಗಿ ತಮ್ಮ ಹಗಲಿರುಳುಗಳನ್ನು ಸವೆಸಿದ್ದಾರೆ.